ಕಾಡಿನ ಕಾಲುದಾರಿಗೂ ಒಂದು ಖಾತೆ

ಗುಡ್ಡಗಾಡು ಸೈಕಲ್ ಸವಾರಿಗೆ ದಾರಿ ಬೇಕೆನ್ನುವವರು ದಾರಿಯ ಪಾಲನೆಯ ಹೊಣೆಯನ್ನೂ ಹೊರಬೇಕು

ಕಳೆದ ಮಳೆಗಾಲದಲ್ಲಿ, ಆಡಿಟ್ ಕೆಲಸದ ಒತ್ತಡ ಏರುತ್ತಿದ್ದ ದಿನಗಳಲ್ಲಿ, ಕಾಮಾಕ್ಷಿಪಾಳ್ಯದಲ್ಲಿ ಸಣ್ಣ ಟೂಲ್ ರೂಮ್ ನಡೆಸುವ ನನ್ನ ಕಕ್ಷಿದಾರರೊಬ್ಬರು ಅನ್ನಪೂರ್ಣೇಶ್ವರಿ ನಗರದ ನನ್ನ ಕಚೇರಿಗೆ ಬಂದಿದ್ದರು. ಲೆಕ್ಕಪತ್ರಗಳಿಗೆ ಸಹಿ ಹಾಕಿ, ಕಾಗದಗಳನ್ನು ಚೀಲಕ್ಕೆ ಸೇರಿಸುತ್ತ ಅವರು ಸಂಕೋಚದಿಂದಲೇ ಒಂದು ಪ್ರಶ್ನೆ ಕೇಳಿದರು.

"ಸಾರ್, ನಮ್ಮ ಹುಡುಗ ಮೂವತ್ತೆರಡು ಸಾವಿರ ಕೊಟ್ಟು ಗೇರ್ ಸೈಕಲ್ ತಗೊಂಡಿದಾನೆ. ಅದು ರಸ್ತೆ ಮೇಲೆ ಓಡಿಸೋದಲ್ವಂತೆ, ಕಾಡು ಗುಡ್ಡದಲ್ಲಿ ಓಡಿಸೋದಂತೆ. ಅಲ್ಲಿಗೆ ಹೋದ್ರೆ ಗಾರ್ಡು ಹೆಸರು ಬರ್ಕೊಂಡು ವಾಪಸ್ ಕಳಿಸ್ತಾರೆ. ಯಾರ ಹತ್ರ ಪರ್ಮಿಷನ್ ತಗೋಬೇಕು, ಎಷ್ಟು ಫೀಸು ಕಟ್ಟಬೇಕು ಅಂದ್ರೆ ಅದೂ ಯಾರಿಗೂ ಗೊತ್ತಿಲ್ಲ. ನಿಮಗೇನಾದ್ರೂ ಗೊತ್ತಾ?"

ಪರವಾನಗಿ, ನೋಂದಣಿ, ನಮೂನೆ, ಶುಲ್ಕ ಇವುಗಳ ನಡುವೆಯೇ ಮೂವತ್ತು ವರ್ಷ ಕಳೆದವನು ನಾನು. ಆದರೂ ಅಂದು ಉತ್ತರ ಕೊಡಲಾಗಲಿಲ್ಲ. ವಿಚಾರಿಸಿ ಹೇಳುತ್ತೇನೆಂದು ಅವರನ್ನು ಕಳುಹಿಸಿಕೊಟ್ಟೆ. ವಿಚಾರಿಸುತ್ತ ಹೋದಂತೆ, ಇದು ಒಬ್ಬ ಹುಡುಗನ ಹವ್ಯಾಸದ ಪ್ರಶ್ನೆ ಮಾತ್ರವಲ್ಲ, ಸಾರ್ವಜನಿಕ ಆಸ್ತಿಯನ್ನು ಬಳಸುವವರಿಗೂ ಅದನ್ನು ಕಾಯುವವರಿಗೂ ನಡುವೆ ಇರಬೇಕಾದ ಕರಾರಿನ ಪ್ರಶ್ನೆ ಎಂಬುದು ಮನವರಿಕೆಯಾಯಿತು. ವ್ಯಾಪಾರಿಗಳೂ ಸಣ್ಣ ಉದ್ದಿಮೆದಾರರೂ ಆದ ನಮ್ಮ ಓದುಗರಿಗೆ ಕರಾರು ಎಂಬುದು ಹೊಸ ವಿಷಯವೇನಲ್ಲ. ಆ ಕಾರಣದಿಂದಲೇ ಇದನ್ನು ಈ ಪುಟಗಳಲ್ಲಿ ಪ್ರಸ್ತಾಪಿಸುತ್ತಿದ್ದೇನೆ.

ಸೈಕಲ್ ಮೊದಲು ಬಂತು, ಅನುಮತಿ ಆಮೇಲೆ

ಮೌಂಟನ್ ಬೈಕ್ ಎಂದು ಕರೆಯುವ ಗುಡ್ಡಗಾಡು ಸೈಕಲ್ಲಿನ ಇತಿಹಾಸ ಅರ್ಧ ಶತಮಾನದಷ್ಟು ಮಾತ್ರ ಹಳೆಯದು. 1970ರ ದಶಕದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯದ ಮರಿನ್ ಕೌಂಟಿಯಲ್ಲಿ ಕೆಲವು ಯುವಕರು ದಪ್ಪ ಟೈರಿನ ಹಳೆಯ ಸೈಕಲ್ಲುಗಳನ್ನು ಬೆಟ್ಟದ ಮಣ್ಣುದಾರಿಗಳಲ್ಲಿ ಇಳಿಸತೊಡಗಿದರು. 1976ರ ಅಕ್ಟೋಬರಿನಲ್ಲಿ ಅಲ್ಲಿ ಆರಂಭವಾದ ಪಂದ್ಯಕ್ಕೆ 'ರಿಪ್ಯಾಕ್' ಎಂದು ಹೆಸರು. ಒಂದು ಇಳಿಜಾರು ಮುಗಿಯುವಷ್ಟರಲ್ಲಿ ಹಿಂಚಕ್ರದ ಬ್ರೇಕಿನ ಗ್ರೀಸು ಕಾದು ಹೊಗೆಯಾಗಿ ಹೋಗುತ್ತಿತ್ತು. ಪ್ರತಿ ಬಾರಿಯೂ ಹೊಸದಾಗಿ ಗ್ರೀಸು ತುಂಬಬೇಕಾಗುತ್ತಿದ್ದುದರಿಂದ ಆ ಹೆಸರು. ಯಂತ್ರದ ಕೆಲಸ ಬಲ್ಲ ನಮ್ಮ ಸದಸ್ಯರಿಗೆ ಈ ಸಂಗತಿ ಸ್ವಾರಸ್ಯಕರವೆನಿಸೀತು. ಇಪ್ಪತ್ತೇ ವರ್ಷಗಳಲ್ಲಿ, 1996ರ ಅಟ್ಲಾಂಟ ಒಲಿಂಪಿಕ್ಸ್‌ನಲ್ಲಿ, ಈ ಸವಾರಿ ಒಲಿಂಪಿಕ್ ಕ್ರೀಡೆಯ ಸ್ಥಾನ ಪಡೆಯಿತು.

ಈ ಎರಡು ಇಸವಿಗಳ ನಡುವೆ ನಡೆದದ್ದು ನಮಗೆ ಮುಖ್ಯ. ಸವಾರರ ಸಂಖ್ಯೆ ಹೆಚ್ಚಿದಂತೆ ನಡೆದು ಹೋಗುವವರು ದೂರಿದರು, ಕುದುರೆ ಸವಾರರು ದೂರಿದರು, ಒಂದಾದ ಮೇಲೊಂದು ಕಾಲುದಾರಿ ಸೈಕಲ್ಲುಗಳಿಗೆ ಮುಚ್ಚಲ್ಪಟ್ಟಿತು. ಅದಕ್ಕೆ ಪ್ರತಿಕ್ರಿಯೆಯಾಗಿ 1988ರಲ್ಲಿ ಕ್ಯಾಲಿಫೋರ್ನಿಯದ ಕೆಲವು ಸೈಕಲ್ ಕೂಟಗಳು ಸೇರಿ ಅಂತರರಾಷ್ಟ್ರೀಯ ಮೌಂಟನ್ ಬೈಸಿಕ್ಲಿಂಗ್ ಅಸೋಸಿಯೇಷನ್ ಎಂಬ ಸಂಘಟನೆಯನ್ನು ಕಟ್ಟಿದವು. ಈ ಸಂಘಟನೆ 'ನಮಗೆ ದಾರಿ ಬಿಡಿ' ಎಂದು ಕೇಳಿದ್ದಷ್ಟೇ ಅಲ್ಲ. ಸವಾರರಿಗೆ ನಡವಳಿಕೆಯ ನಿಯಮಗಳನ್ನು ರೂಪಿಸಿತು, ಸ್ವಯಂಸೇವಕರಿಗೆ ಕಾಲುದಾರಿ ಕಟ್ಟುವ ಹಾಗೂ ದುರಸ್ತಿ ಮಾಡುವ ತರಬೇತಿ ಕೊಟ್ಟಿತು. ಬೇಡಿಕೆಯ ಜೊತೆಗೆ ಕೆಲಸವನ್ನೂ ಮುಂದಿಟ್ಟದ್ದರಿಂದ ಅಧಿಕಾರಿಗಳು ಮಾತುಕತೆಗೆ ಸಿದ್ಧರಾದರು.

ನಮ್ಮಲ್ಲಿ ಈಗ ನಡೆಯುತ್ತಿರುವುದೂ ಇದರ ಮೊದಲ ಅಂಕವೇ. ಹಿಂದೆ ದೊಡ್ಡ ನಗರಗಳ ಕೆಲವೇ ಅಂಗಡಿಗಳಲ್ಲಿ ಕಾಣುತ್ತಿದ್ದ ಗೇರ್ ಸೈಕಲ್ಲುಗಳು ಇಂದು ವಿಜಯನಗರ, ಬಸವೇಶ್ವರನಗರ, ನಾಗರಭಾವಿಗಳ ಅಂಗಡಿಗಳಲ್ಲೂ ದೊರೆಯುತ್ತವೆ. 2025ರ ಸೆಪ್ಟೆಂಬರ್ 22ರಿಂದ ಸೈಕಲ್ ಮತ್ತು ಅದರ ಬಿಡಿಭಾಗಗಳ ಮೇಲಿನ ಜಿ.ಎಸ್.ಟಿ. ಶೇಕಡ 12ರಿಂದ 5ಕ್ಕೆ ಇಳಿದಿದೆ. ಕೊಳ್ಳುವವರಿಗೆ ಇದು ಅನುಕೂಲ. ತಯಾರಕರಿಗೆ ಮಾತ್ರ ಒಂದು ಎಚ್ಚರಿಕೆ: ಉಕ್ಕಿನ ಕೊಳವೆಯಂಥ ಕಚ್ಚಾ ಸಾಮಗ್ರಿಯ ಮೇಲೆ ಶೇಕಡ 18ರ ತೆರಿಗೆ ತೆತ್ತು, ಸಿದ್ಧ ವಸ್ತುವಿನ ಮೇಲೆ 5ರಷ್ಟು ವಸೂಲಿ ಮಾಡುವವರ ಬಳಿ ಕ್ರೆಡಿಟ್ ಸಂಗ್ರಹವಾಗುತ್ತದೆ, ಅದರ ಮರುಪಾವತಿಗೆ ಕಾಲಮಿತಿಯೊಳಗೆ ಅರ್ಜಿ ಸಲ್ಲಿಸುವುದನ್ನು ಮರೆಯಬಾರದು. ಒಟ್ಟಿನಲ್ಲಿ ಸೈಕಲ್ ಮನೆಮನೆಗೆ ಬರುತ್ತಿದೆ. ಅದು ಹೋಗಬೇಕಾದ ದಾರಿ ಮಾತ್ರ ಯಾವ ಲೆಕ್ಕದಲ್ಲೂ ಇಲ್ಲ.

ತುರಹಳ್ಳಿಯ ಪಾಠ

ನಮ್ಮ ಭಾಗದಿಂದ ಹತ್ತು-ಹನ್ನೆರಡು ಕಿಲೋಮೀಟರ್ ದೂರದಲ್ಲಿ, ಕನಕಪುರ ರಸ್ತೆ ಮತ್ತು ಉತ್ತರಹಳ್ಳಿ-ಕೆಂಗೇರಿ ರಸ್ತೆಗಳ ನಡುವೆ ತುರಹಳ್ಳಿ ಅರಣ್ಯವಿದೆ. ಸುಮಾರು 600 ಎಕರೆಯ ಈ ಕುರುಚಲು ಕಾಡು, ಬಂಡೆಗಳು ಮತ್ತು ಕೆಂಪು ಮಣ್ಣಿನ ಕಾಲುದಾರಿಗಳು ಬೆಂಗಳೂರಿನ ಗುಡ್ಡಗಾಡು ಸೈಕಲ್ ಸವಾರರಿಗೆ ಬಹುಕಾಲದಿಂದ ಪರಿಚಿತ. ಬಂಡೆ ಹತ್ತುವ ಅಭ್ಯಾಸ ಮಾಡುವವರು, ಪಕ್ಷಿವೀಕ್ಷಕರು, ಬೆಳಗಿನ ನಡಿಗೆಯವರು ಕೂಡ ಇಲ್ಲಿಗೆ ಬರುತ್ತಾರೆ. ನವಿಲುಗಳಿವೆ, ಚಿರತೆ ಕಾಣಿಸಿಕೊಂಡ ವರದಿಗಳೂ ಆಗಾಗ ಬಂದಿವೆ.

ಈ ಕಾಡಿನ ಬಹುಭಾಗವನ್ನು ವೃಕ್ಷೋದ್ಯಾನವಾಗಿ ಮಾರ್ಪಡಿಸುವ ಯೋಜನೆಯೊಂದು 2021ರ ಆರಂಭದಲ್ಲಿ ಸುದ್ದಿಯಾಯಿತು. ಆ ವರ್ಷದ ಫೆಬ್ರವರಿಯಲ್ಲಿ ಸುತ್ತಲಿನ ನಿವಾಸಿಗಳು, ಪರಿಸರಾಸಕ್ತರು, ಸೈಕಲ್ ಸವಾರರು ಒಟ್ಟಾಗಿ ಪ್ರತಿಭಟಿಸಿದರು. ಕಾಡು ಕಾಡಾಗಿಯೇ ಉಳಿಯಲಿ, ಅದಕ್ಕೆ ಉದ್ಯಾನದ ಅಲಂಕಾರ ಬೇಡ ಎಂಬುದು ಅವರ ವಾದ. ಸರ್ಕಾರ ಯೋಜನೆಯನ್ನು ಕೈಬಿಟ್ಟಿತು.

ಈ ಪ್ರಕರಣದಿಂದ ಎರಡು ಸಂಗತಿಗಳು ಸ್ಪಷ್ಟವಾಗುತ್ತವೆ. ಮೊದಲನೆಯದು, ಒಂದು ಜಾಗವನ್ನು ಕಾಲಿನಿಂದ, ಚಕ್ರದಿಂದ, ಕಣ್ಣಿನಿಂದ ಬಲ್ಲ ಜನರಿದ್ದರೆ ಆ ಜಾಗಕ್ಕೆ ಸಂಕಟ ಬಂದಾಗ ಮಾತನಾಡುವವರು ಇರುತ್ತಾರೆ. ಯಾರೂ ಕಾಲಿಡದ ಕಾಡನ್ನು ಯಾರೂ ಕೇಳುವುದಿಲ್ಲ. ಎರಡನೆಯದು ಅಷ್ಟು ಹಿತಕರವಲ್ಲ. ಕಾಡು ಉಳಿಯಿತೆಂದ ಮಾತ್ರಕ್ಕೆ ಸೈಕಲ್ ಸವಾರರಿಗೆ ಅಲ್ಲಿ ಯಾವ ಹಕ್ಕೂ ಹುಟ್ಟಲಿಲ್ಲ. 1963ರ ಕರ್ನಾಟಕ ಅರಣ್ಯ ಕಾಯ್ದೆಯಡಿ ಅರಣ್ಯ ಪ್ರವೇಶ ಇಲಾಖೆಯ ನಿಯಂತ್ರಣಕ್ಕೆ ಒಳಪಟ್ಟದ್ದು. ವರ್ಷಗಟ್ಟಲೆ ಬಳಸುತ್ತ ಬಂದಿದ್ದೇವೆ ಎಂಬುದು ರೂಢಿಯೇ ಹೊರತು ಪರವಾನಗಿಯಲ್ಲ. ಬಾಡಿಗೆ ಕರಾರು ಇಲ್ಲದೆ ಇಪ್ಪತ್ತು ವರ್ಷ ಅಂಗಡಿ ನಡೆಸಿದವನ ಸ್ಥಿತಿಯನ್ನು ನಮ್ಮ ಸದಸ್ಯರು ಬಲ್ಲರು. ಮಾಲೀಕ ಒಳ್ಳೆಯವನಾಗಿರುವಷ್ಟು ದಿನ ಎಲ್ಲವೂ ಸರಿ.

ಮೂರು ಪ್ರಶ್ನೆಗಳು

ನನ್ನ ಕಕ್ಷಿದಾರರನ್ನೂ ಅವರ ಮಗನನ್ನೂ ಕರೆದುಕೊಂಡು ನಗರದ ಹೊರವಲಯದ ಅರಣ್ಯ ಅಧಿಕಾರಿಯೊಬ್ಬರನ್ನು ಭೇಟಿಯಾದೆ. ಅವರು ಗದರಲಿಲ್ಲ, ಕುರ್ಚಿ ಕೊಟ್ಟು ಕೂರಿಸಿ ಮಾತನಾಡಿಸಿದರು. ಹುಡುಗನ ಮಾತನ್ನು ಪೂರ್ತಿ ಕೇಳಿ, ಮೂರು ಪ್ರಶ್ನೆ ಕೇಳಿದರು. "ನೀವು ಯಾರ ಪರವಾಗಿ ಬಂದಿದ್ದೀರಿ? ಯಾರಾದ್ರೂ ಬಿದ್ದು ಕೈಕಾಲು ಮುರ್ಕೊಂಡ್ರೆ ಯಾರು ಹೊಣೆ? ಮಳೆ ಬಂದು ದಾರಿ ಕೊಚ್ಚಿಹೋದ್ರೆ ಸರಿ ಮಾಡೋರು ಯಾರು?"

ಸಾಲ ಕೇಳಲು ಹೋದವನಿಗೆ ಬ್ಯಾಂಕಿನ ವ್ಯವಸ್ಥಾಪಕರು ಕೇಳುವ ಪ್ರಶ್ನೆಗಳೂ ಇವೇ ಅಲ್ಲವೆ? ಸಂಸ್ಥೆ ಯಾವುದು, ಜಾಮೀನು ಏನು, ತೀರಿಸುವ ಬಗೆ ಹೇಗೆ. ಹುಡುಗನ ಬಳಿ ಒಂದಕ್ಕೂ ಉತ್ತರವಿರಲಿಲ್ಲ. ಆದರೆ ಮೂರಕ್ಕೂ ಉತ್ತರ ಸಾಧ್ಯವಿದೆ ಎಂಬುದು ಈ ಲೇಖನದ ವಾದ. ಕೊನೆಯ ಪ್ರಶ್ನೆಯಿಂದ ಆರಂಭಿಸೋಣ.

ನೀರೇ ಮೊದಲ ಶತ್ರು

ಸೈಕಲ್ ಚಕ್ರ ದಾರಿಯನ್ನು ಕೆಡಿಸುತ್ತದೆ ಎಂಬುದು ಸಾಮಾನ್ಯ ಆರೋಪ. ಇದರಲ್ಲಿ ಸತ್ಯಾಂಶವಿಲ್ಲದಿಲ್ಲ. ಇಳಿಜಾರಿನಲ್ಲಿ ಹಿಂಬದಿ ಬ್ರೇಕನ್ನು ಗಟ್ಟಿಯಾಗಿ ಹಿಡಿದು ಚಕ್ರವನ್ನು ಎಳೆದುಕೊಂಡು ಹೋಗುವ ಸವಾರ ಮಣ್ಣನ್ನು ಕೆರೆದುಹಾಕುತ್ತಾನೆ. ಒದ್ದೆ ಮಣ್ಣಿನಲ್ಲಿ ಓಡಿಸಿದರೆ ಚಕ್ರದ ಗುರುತು ಕಾಲುವೆಯಾಗುತ್ತದೆ. ಆದರೆ 1994ರಲ್ಲಿ ಪ್ರಕಟವಾದ, ಅಮೆರಿಕದ ಮೊಂಟಾನದ ಬೆಟ್ಟದ ದಾರಿಗಳ ಅಧ್ಯಯನವೊಂದರಲ್ಲಿ, ನೆನೆಸಿದ ದಾರಿಯ ಮೇಲೆ ಕುದುರೆಯ ಗೊರಸು ಮತ್ತು ಮನುಷ್ಯರ ಪಾದಗಳು ಚಕ್ರಗಳಿಗಿಂತ ಹೆಚ್ಚು ಮಣ್ಣನ್ನು ಸಡಿಲಗೊಳಿಸಿದ್ದು ಕಂಡುಬಂತು. ಅಲ್ಲಿನ ಮಣ್ಣಿನ ಫಲಿತಾಂಶವನ್ನು ಇಲ್ಲಿನ ಕೆಂಪು ಮಣ್ಣಿಗೆ ಹಾಗೆಯೇ ಅನ್ವಯಿಸಲಾಗದು. ಆದರೂ ಚಕ್ರವೊಂದೇ ಅಪರಾಧಿಯಲ್ಲ ಎಂಬಷ್ಟನ್ನು ಅದು ತೋರಿಸುತ್ತದೆ.

ನಿಜವಾದ ಹಾನಿ ನೀರಿನಿಂದ. ಬೆಂಗಳೂರಿನಲ್ಲಿ ವರ್ಷಕ್ಕೆ ಸರಾಸರಿ 970 ಮಿಲಿಮೀಟರಿನ ಆಸುಪಾಸು ಮಳೆ ಬೀಳುತ್ತದೆ. ಅದರಲ್ಲಿ ದೊಡ್ಡ ಪಾಲು ಕೆಲವೇ ಗಂಟೆಗಳ ಗುಡುಗು ಮಳೆಯಾಗಿ ಸುರಿಯುತ್ತದೆ. ಗುಡ್ಡದ ಇಳಿಜಾರಿನಲ್ಲಿ ನೇರವಾಗಿ ಇಳಿದ ಕಾಲುದಾರಿ ಆ ಹೊತ್ತಿನಲ್ಲಿ ಹಳ್ಳವಾಗುತ್ತದೆ. ಒಂದು ಮಳೆಗಾಲಕ್ಕೆ ಒಂದು ಗೇಣು ಕೊರೆದರೆ ಜನ ಪಕ್ಕದಲ್ಲಿ ನಡೆಯತೊಡಗುತ್ತಾರೆ. ಮರುವರ್ಷ ಅದೂ ಕೊರೆಯುತ್ತದೆ. ಹೀಗೆ ಎರಡು ಅಡಿಯ ದಾರಿ ಇಪ್ಪತ್ತು ಅಡಿಯ ಬೋಳು ಪಟ್ಟಿಯಾಗಿ ಹರಡಿಕೊಳ್ಳುತ್ತದೆ. ಸೈಕಲ್ಲುಗಳೇ ಇಲ್ಲದ ಗುಡ್ಡಗಳಲ್ಲೂ ಇದನ್ನು ಕಾಣಬಹುದು.

ಇದಕ್ಕೆ ಪರಿಹಾರ ದುಬಾರಿಯದಲ್ಲ. ಕಾಲುದಾರಿ ಕಟ್ಟುವವರು ಅನುಸರಿಸುವ ಕೆಲವು ಸರಳ ಸೂತ್ರಗಳಿವೆ. ದಾರಿಯ ಏರಿಕೆ ಗುಡ್ಡದ ಇಳಿಜಾರಿನ ಅರ್ಧಕ್ಕಿಂತ ಹೆಚ್ಚಿರಬಾರದು. ಒಟ್ಟು ದಾರಿಯ ಸರಾಸರಿ ಏರಿಕೆ ಶೇಕಡ 10ರೊಳಗೆ ಇರಬೇಕು. ಎಂದರೆ ನೂರು ಅಡಿ ನಡೆದರೆ ಹತ್ತು ಅಡಿಗಿಂತ ಹೆಚ್ಚು ಏರಬಾರದು. ದಾರಿಯ ಹೊರ ಅಂಚು ಒಳ ಅಂಚಿಗಿಂತ ತುಸು, ಸುಮಾರು ಶೇಕಡ 5ರಷ್ಟು, ತಗ್ಗಿರಬೇಕು; ಆಗ ನೀರು ದಾರಿಯುದ್ದಕ್ಕೂ ಹರಿಯದೆ ಅಡ್ಡಲಾಗಿ ದಾಟಿ ಕೆಳಗಿಳಿಯುತ್ತದೆ. ಅಲ್ಲಲ್ಲಿ ದಾರಿ ಸ್ವಲ್ಪ ಇಳಿದು ಮತ್ತೆ ಏರುವಂತೆ ಮಾಡಿದರೆ, ಆ ತಗ್ಗಿನಲ್ಲಿ ನೀರು ದಾರಿಯನ್ನು ಬಿಟ್ಟು ಹೊರಗೆ ಹೋಗುತ್ತದೆ. ಸಡಿಲ ಮಣ್ಣಿರುವ ಕಡೆ ಅಲ್ಲಿಯದೇ ಚಪ್ಪಟೆ ಕಲ್ಲು ಹಾಸಬಹುದು. ಸಿಮೆಂಟು ಬೇಡ, ಯಂತ್ರ ಬೇಡ. ಗುದ್ದಲಿ, ಪಿಕಾಸಿ, ಹಾರೆ, ಬಾಂಡ್ಲಿ ಮತ್ತು ಹತ್ತು-ಹದಿನೈದು ಜನರ ಒಂದು ಬೆಳಗಿನ ಶ್ರಮ ಸಾಕು. ಮುಖ್ಯವಾದದ್ದು, ಈ ಕೆಲಸ ಒಮ್ಮೆ ಮಾಡಿ ಬಿಡುವಂಥದ್ದಲ್ಲ; ಪ್ರತಿ ಮಳೆಗಾಲದ ಮೊದಲು ಮತ್ತು ನಂತರ ಮಾಡಬೇಕಾದದ್ದು. ಯಂತ್ರವನ್ನು ಕೆಟ್ಟ ಮೇಲೆ ರಿಪೇರಿ ಮಾಡಿಸುವುದಕ್ಕಿಂತ ಕಾಲಕಾಲಕ್ಕೆ ಸರ್ವಿಸ್ ಮಾಡಿಸುವುದು ಲಾಭಕರವೆಂದು ಕಾರ್ಖಾನೆ ನಡೆಸುವವರಿಗೆ ಹೇಳಬೇಕಾಗಿಲ್ಲ.

ಆಕ್ಷೇಪಗಳನ್ನೂ ಕೇಳಬೇಕು

ಕಾಡು ಆಟದ ಮೈದಾನವಲ್ಲ ಎನ್ನುವವರ ಮಾತನ್ನು ತಳ್ಳಿಹಾಕುವಂತಿಲ್ಲ. ನಗರದ ಅಂಚಿನಲ್ಲಿ ಉಳಿದಿರುವ ಕಾಡುಗಳು ಚಿಕ್ಕವು. ಪ್ರಾಣಿಪಕ್ಷಿಗಳಿಗೆ ಅಲ್ಲಿಂದ ಬೇರೆಡೆಗೆ ಸರಿಯಲು ಜಾಗವಿಲ್ಲ. ಮುಂಜಾನೆ ಮತ್ತು ಸಂಜೆಯ ಹೊತ್ತು ಅವುಗಳ ಓಡಾಟದ ಸಮಯ. ವೇಗವಾಗಿ ತಿರುವಿನಲ್ಲಿ ಬರುವ ಸೈಕಲ್ಲು ವಯಸ್ಸಾದ ನಡಿಗೆದಾರರಿಗೆ ಭಯ ಹುಟ್ಟಿಸುತ್ತದೆ. ಒಬ್ಬ ಸವಾರ ತೆರೆದ ಅಡ್ಡದಾರಿಯನ್ನು ನಾಳೆ ಮೋಟಾರು ಬೈಕಿನವರು ಹಿಡಿಯುತ್ತಾರೆ, ನಾಡಿದ್ದು ಕಟ್ಟಡದ ಕಸ ಸುರಿಯುವ ಟ್ರಾಕ್ಟರು ಬರುತ್ತದೆ.

ಈ ಆಕ್ಷೇಪಗಳಿಗೆ ಉತ್ತರ ಕಾಡನ್ನೆಲ್ಲ ತೆರೆಯುವುದೂ ಅಲ್ಲ, ಎಲ್ಲವನ್ನೂ ಮುಚ್ಚುವುದೂ ಅಲ್ಲ. ಯಾವ ದಾರಿ, ಯಾವ ದಿನ, ಯಾವ ಹೊತ್ತು, ಎಷ್ಟು ಜನ ಎಂಬುದನ್ನು ಗೊತ್ತುಪಡಿಸಬೇಕು. ಪ್ರಾಣಿಗಳ ನೆಲೆಯಿರುವ ಭಾಗ ಪೂರ್ತಿ ಮುಚ್ಚಿರಲಿ. ಕತ್ತಲಲ್ಲಿ ಸವಾರಿ ಬೇಡ. ದಾರಿ ಒದ್ದೆಯಾಗಿರುವ ದಿನಗಳಲ್ಲಿ ಪ್ರವೇಶವಿರಬಾರದು. ನಡೆಯುವವರಿಗೆ ಸವಾರ ದಾರಿ ಬಿಡಬೇಕು. ಹೊಸ ದಾರಿಯನ್ನು ಯಾರೂ ತಾವಾಗಿ ಕಡಿಯಬಾರದು. ಇಂಗ್ಲೆಂಡಿನಲ್ಲಿ 1968ರ ಕಾನೂನು ಕುದುರೆದಾರಿಗಳಲ್ಲಿ ಸೈಕಲ್ಲಿಗೆ ಅವಕಾಶ ಕೊಟ್ಟಾಗ, ಕಾಲ್ನಡಿಗೆಯವರಿಗೂ ಕುದುರೆ ಸವಾರರಿಗೂ ಸೈಕಲ್ ಸವಾರ ದಾರಿ ಬಿಡಬೇಕೆಂಬ ಷರತ್ತನ್ನು ಅದರಲ್ಲೇ ಸೇರಿಸಿತು. ಸ್ಕಾಟ್ಲೆಂಡಿನ 2003ರ ಭೂಸುಧಾರಣಾ ಕಾಯ್ದೆ ಮೋಟಾರಿಲ್ಲದ ಸಂಚಾರಕ್ಕೆ ವಿಶಾಲವಾದ ಹಕ್ಕನ್ನೇ ನೀಡಿತು. ಆದರೆ ಜವಾಬ್ದಾರಿಯಿಂದ ನಡೆದುಕೊಳ್ಳುವವರಿಗೆ ಮಾತ್ರ.

ನಮ್ಮ ರಾಜ್ಯದಲ್ಲೇ ಇದಕ್ಕೆ ಹತ್ತಿರದ ಉದಾಹರಣೆಯಿದೆ. 2024ರ ಜನವರಿಯ ಗಣರಾಜ್ಯೋತ್ಸವದ ರಜೆಯಲ್ಲಿ ಕುಮಾರಪರ್ವತದ ಚಾರಣದಾರಿಗೆ ಸಾವಿರಾರು ಮಂದಿ ಏಕಕಾಲಕ್ಕೆ ನುಗ್ಗಿದರು. ಅದಾದ ಮೇಲೆ ಮುಂಗಡ ನೋಂದಣಿಯ ವ್ಯವಸ್ಥೆಯಿಲ್ಲದ ಚಾರಣಗಳನ್ನು ಸರ್ಕಾರ ತಡೆಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ 'ಅರಣ್ಯ ವಿಹಾರ' ಎಂಬ ನೋಂದಣಿ ವ್ಯವಸ್ಥೆ ಬಂತು. ಒಂದು ದಾರಿಗೆ ದಿನಕ್ಕೆ 300 ಮಂದಿ ಎಂಬ ಮಿತಿ ಏರ್ಪಟ್ಟಿತು. ನಡೆಯುವವರಿಗೆ ಸಾಧ್ಯವಾದ ವ್ಯವಸ್ಥೆ ಇನ್ನೂ ಕಡಿಮೆ ಸಂಖ್ಯೆಯ ಸೈಕಲ್ ಸವಾರರಿಗೆ ಅಸಾಧ್ಯವಾಗಬೇಕಿಲ್ಲ.

ಹಕ್ಕಿನ ಬೆನ್ನಿಗೆ ಹೊಣೆ

ಪಾಲನೆ ಮಾಡುವವನಿಗೆ ಅನುಭೋಗದ ಪಾಲು ಎಂಬ ತತ್ತ್ವ ಕನ್ನಡ ನಾಡಿಗೆ ಹೊರಗಿನಿಂದ ಬಂದದ್ದಲ್ಲ. ಕೆರೆ ಕಟ್ಟಿದವರಿಗೆ, ಅದನ್ನು ಸುಸ್ಥಿತಿಯಲ್ಲಿ ಇಟ್ಟವರಿಗೆ ಭೂಮಿಯನ್ನು ಬಿಡುತ್ತಿದ್ದ ಪದ್ಧತಿ ನಮ್ಮ ಶಾಸನಗಳಲ್ಲಿ ಬಿತ್ತುವಟ್ಟ, ಕೆರೆಗೊಡಗೆ ಮುಂತಾದ ಹೆಸರುಗಳಲ್ಲಿ ಕಾಣುತ್ತದೆ. ಕೆರೆಯ ನೀರನ್ನು ಗದ್ದೆಗಳಿಗೆ ಹಂಚುತ್ತಿದ್ದ ನೀರುಗಂಟಿಗೂ ಊರಿನ ಫಸಲಿನಲ್ಲಿ ಪಾಲಿತ್ತು.

ಇದೇ ತತ್ತ್ವ ಇತ್ತೀಚಿನ ಆಡಳಿತದಲ್ಲೂ ಇದೆ. 1993ರಲ್ಲಿ ಕರ್ನಾಟಕ ಸರ್ಕಾರ ಜಂಟಿ ಅರಣ್ಯ ಯೋಜನೆ ಮತ್ತು ನಿರ್ವಹಣೆಯ ಆದೇಶ ಹೊರಡಿಸಿ, ಗ್ರಾಮ ಅರಣ್ಯ ಸಮಿತಿಗಳ ಮೂಲಕ ಹಳ್ಳಿಗರನ್ನು ಅರಣ್ಯ ರಕ್ಷಣೆಯಲ್ಲಿ ತೊಡಗಿಸಿ, ಉತ್ಪನ್ನದಲ್ಲಿ ಅವರಿಗೆ ಪಾಲು ಕೊಡುವ ವ್ಯವಸ್ಥೆ ಮಾಡಿತು. ಬೆಂಗಳೂರಿನಲ್ಲಿ ಪುಟ್ಟೇನಹಳ್ಳಿ ಪುಟ್ಟಕೆರೆಯ ಸುತ್ತಲಿನ ನಿವಾಸಿಗಳ ಟ್ರಸ್ಟ್ 2011ರಲ್ಲಿ ಅಂದಿನ ಮಹಾನಗರ ಪಾಲಿಕೆಯೊಡನೆ ಒಪ್ಪಂದ ಮಾಡಿಕೊಂಡು ಕೆರೆಯ ನಿರ್ವಹಣೆಯನ್ನು ವಹಿಸಿಕೊಂಡಿತು. ಕೆರೆ ಪಾಲಿಕೆಯ ಸ್ವತ್ತಾಗಿಯೇ ಉಳಿಯಿತು. ದಿನನಿತ್ಯದ ಕಾಳಜಿ ನಿವಾಸಿಗಳದಾಯಿತು.

ಇದರ ಇನ್ನೊಂದು ಮಗ್ಗುಲನ್ನೂ ನೆನಪಿಡಬೇಕು. 2020ರಲ್ಲಿ ರಾಜ್ಯದ ಉಚ್ಚ ನ್ಯಾಯಾಲಯ, ಕೆರೆಗಳ ವಿಷಯದಲ್ಲಿ ಪಾಲಿಕೆ ಖಾಸಗಿ ಕಂಪೆನಿಗಳೊಡನೆ ಒಪ್ಪಂದ ಮಾಡಿಕೊಳ್ಳುವುದಕ್ಕೆ ತಡೆ ಹಾಕಿತು. ಸಾರ್ವಜನಿಕ ಆಸ್ತಿಯನ್ನು ರಕ್ಷಿಸುವ ಮೂಲ ಕರ್ತವ್ಯ ಸರ್ಕಾರದ್ದು, ಅದನ್ನು ಕೈದಾಟಿಸಲಾಗದು. ಆದ್ದರಿಂದ ಕಾಲುದಾರಿಯ ಪಾಲನೆಗೆ ಮುಂದಾಗುವ ಸಂಘವೂ, ಅದಕ್ಕೆ ನೆರವಾಗುವ ಉದ್ಯಮಿಯೂ ಮಿತಿಯನ್ನು ಅರಿತಿರಬೇಕು. ನಮ್ಮದು ಶ್ರಮ; ಸ್ವಾಮ್ಯ ಇಲಾಖೆಯದು. ದೊಡ್ಡ ಫಲಕದಲ್ಲಿ ಕಂಪೆನಿಯ ಹೆಸರು ಬರೆಸುವ ಆಸೆಯಿದ್ದರೆ ಅದಕ್ಕೆ ಬೇರೆ ಜಾಗಗಳಿವೆ.

ಸಂಸ್ಥೆ ಮತ್ತು ಜಾಮೀನು

ಅಧಿಕಾರಿಯ ಮೊದಲ ಪ್ರಶ್ನೆಗೆ ಉತ್ತರ ಸುಲಭ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಏಳು ಮಂದಿ ಸೇರಿದರೆ ಸಂಘ ನೋಂದಾಯಿಸಬಹುದು. ಪ್ರತಿ ವರ್ಷ ಸರ್ವಸದಸ್ಯರ ಸಭೆ, ಪದಾಧಿಕಾರಿಗಳ ಪಟ್ಟಿ, ಆಡಿಟ್ ಆದ ಲೆಕ್ಕ ಇಷ್ಟನ್ನು ತಪ್ಪದೆ ಪಾಲಿಸಬೇಕು. ವಾಟ್ಸಾಪ್ ಗುಂಪಿಗೆ ಯಾವ ಇಲಾಖೆಯೂ ಪತ್ರ ಬರೆಯಲಾರದು. ನೋಂದಾಯಿತ ಸಂಘಕ್ಕೆ ಬರೆಯಬಲ್ಲದು.

ಎರಡನೆಯ ಪ್ರಶ್ನೆ ಅಪಘಾತದ ಹೊಣೆ. ಸದಸ್ಯರಿಗೆ ಗುಂಪು ಅಪಘಾತ ವಿಮೆ, ಹೆಲ್ಮೆಟ್ ಕಡ್ಡಾಯ, ಅಪಾಯವನ್ನು ಅರಿತೇ ಬಂದಿದ್ದೇವೆಂಬ ಲಿಖಿತ ಹೇಳಿಕೆ, ಹದಿನೆಂಟು ವರ್ಷಕ್ಕಿಂತ ಚಿಕ್ಕವರಿಗೆ ತಂದೆತಾಯಿಯ ಸಹಿ. ಇವು ಅಪಘಾತವನ್ನು ತಪ್ಪಿಸಲಾರವು. ಅಪಘಾತವಾದಾಗ ಇಲಾಖೆಯ ಕೆಳಹಂತದ ನೌಕರನೊಬ್ಬ ಬಲಿಪಶುವಾಗುವ ಭಯವನ್ನಂತೂ ತಗ್ಗಿಸುತ್ತವೆ. ಅನುಮತಿ ದೊರೆಯದಿರಲು ಬಹಳ ಸಲ ಆ ಭಯವೇ ಕಾರಣ.

ಮೂರನೆಯದಕ್ಕೆ ಕೆಲಸದ ದಾಖಲೆಯೇ ಉತ್ತರ. ಉದಾಹರಣೆಗೆ, ತಿಂಗಳಿಗೊಂದು ಭಾನುವಾರ 15 ಮಂದಿ 3 ಗಂಟೆ ದುಡಿದರೆ ವರ್ಷಕ್ಕೆ 540 ಗಂಟೆಗಳ ಶ್ರಮವಾಯಿತು. ಗಂಟೆಗೆ 100 ರೂಪಾಯಿ ಎಂದು ಹಿಡಿದರೂ 54,000 ರೂಪಾಯಿ. ಈ ಮೊತ್ತ ಸಂಘದ ಜಮಾಖರ್ಚಿನಲ್ಲಿ ನಗದಾಗಿ ಕಾಣದು. ಆದರೆ ಹಾಜರಿ ಪುಸ್ತಕ, ಕೆಲಸಕ್ಕೆ ಮುಂಚಿನ ಹಾಗೂ ನಂತರದ ಛಾಯಾಚಿತ್ರ, ದುರಸ್ತಿಯಾದ ಉದ್ದ ಇವನ್ನು ವಾರ್ಷಿಕ ವರದಿಯಲ್ಲಿ ಸೇರಿಸಿದರೆ, ಮರುವರ್ಷ ಅನುಮತಿ ನವೀಕರಣಕ್ಕೆ ಅದಕ್ಕಿಂತ ದೊಡ್ಡ ಶಿಫಾರಸು ಪತ್ರ ಬೇಕಾಗದು.

ನೆರವು ನೀಡುವವರಿಗೆ ತೆರಿಗೆಯ ನಾಲ್ಕು ಮಾತು

ಸದಸ್ಯರು ನೆರವಾಗಲು ಮುಂದಾಗುವ ಮೊದಲು ಕೆಲವು ಅಂಶಗಳನ್ನು ತಿಳಿದಿರುವುದು ಒಳ್ಳೆಯದು.

ಮೊದಲನೆಯದಾಗಿ, 2013ರ ಕಂಪೆನಿ ಕಾಯ್ದೆಯ 135ನೇ ಪ್ರಕರಣದ ಸಾಮಾಜಿಕ ಹೊಣೆಗಾರಿಕೆ ದೊಡ್ಡ ಕಂಪೆನಿಗಳಿಗೆ ಸಂಬಂಧಿಸಿದ್ದು. ಕಾಯ್ದೆ ನಿಗದಿಪಡಿಸಿದ್ದು ನಿವ್ವಳ ಮೌಲ್ಯ 500 ಕೋಟಿ, ವಹಿವಾಟು 1,000 ಕೋಟಿ ಅಥವಾ ನಿವ್ವಳ ಲಾಭ 5 ಕೋಟಿ ರೂಪಾಯಿಯ ಮಿತಿ. ನಮ್ಮ ಬಹುಪಾಲು ಸದಸ್ಯರು ಇದರೊಳಗೆ ಬರುವುದಿಲ್ಲ. ಬರುವವರು ಗಮನಿಸಬೇಕಾದದ್ದು: ಒಂದು ದಿನದ ಮ್ಯಾರಥಾನಿನಂಥ ಕಾರ್ಯಕ್ರಮ ಈ ವೆಚ್ಚಕ್ಕೆ ಸೇರದೆಂದು 2014ರ ಜೂನಿನಲ್ಲೇ ಕೇಂದ್ರ ಸಚಿವಾಲಯ ಸ್ಪಷ್ಟಪಡಿಸಿದೆ. ಟೀ ಶರ್ಟು ಹಂಚಿ ಒಂದು ಬೆಳಗಿನ ಸೈಕಲ್ ಜಾಥಾ ನಡೆಸುವುದಕ್ಕಿಂತ ವರ್ಷವಿಡೀ ನಡೆಯುವ ಪರಿಸರ ಪಾಲನೆಯ ಕಾರ್ಯಕ್ರಮವೇ ಕಾನೂನಿನ ದೃಷ್ಟಿಯಲ್ಲೂ ಗಟ್ಟಿ.

ಎರಡನೆಯದಾಗಿ, ಮಾನ್ಯತೆ ಪಡೆದ ಸಂಸ್ಥೆಗೆ ಕೊಟ್ಟ ದಾನಕ್ಕೆ ಆದಾಯ ತೆರಿಗೆಯಲ್ಲಿ ಕಡಿತ ಉಂಟು. ಆದರೆ ವಸ್ತುರೂಪದ ದಾನಕ್ಕೆ ಇಲ್ಲ, 2,000 ರೂಪಾಯಿ ಮೀರಿದ ನಗದಿಗೆ ಇಲ್ಲ, ಹೊಸ ತೆರಿಗೆ ಪದ್ಧತಿಯನ್ನು ಆರಿಸಿಕೊಂಡ ವ್ಯಕ್ತಿಗಳಿಗೂ ಇಲ್ಲ.

ಮೂರನೆಯದಾಗಿ, ಕಾರ್ಖಾನೆಯ ಸರಕನ್ನು ಉಚಿತವಾಗಿ ಕೊಟ್ಟಾಗ ಅದರ ಮೇಲೆ ಪಡೆದ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಅನ್ನು ಹಿಂದಿರುಗಿಸಬೇಕು. ಸಾಮಾಜಿಕ ಹೊಣೆಗಾರಿಕೆಯ ವೆಚ್ಚಕ್ಕೂ 2023ರ ಅಕ್ಟೋಬರ್ 1ರಿಂದ ಕ್ರೆಡಿಟ್ ಇಲ್ಲ. ಹತ್ತು ಗುದ್ದಲಿ ಕೊಟ್ಟ ಪುಣ್ಯ ನೋಟಿಸಿನಲ್ಲಿ ಕೊನೆಗೊಳ್ಳುವುದು ಬೇಡ.

ಸದಸ್ಯರಲ್ಲಿ ಒಂದು ವಿನಂತಿ

ನಮ್ಮ ಪಶ್ಚಿಮ ಬೆಂಗಳೂರಿನಲ್ಲಿ ಬಯಲು ಜಾಗ ಎಷ್ಟು ಉಳಿದಿದೆಯೆಂಬುದು ಎಲ್ಲರಿಗೂ ತಿಳಿದದ್ದೇ. ವರ್ತುಲ ರಸ್ತೆಯ ಆಚೆ ಸಾವಿರ ಎಕರೆಗೂ ಮಿಕ್ಕಿದ ಜ್ಞಾನಭಾರತಿ ಆವರಣವಿದೆ, ಮಲ್ಲತ್ತಹಳ್ಳಿ ಮತ್ತು ಉಲ್ಲಾಳದ ಕೆರೆಗಳಿವೆ, ಮಾಗಡಿ ರಸ್ತೆ ಹಿಡಿದು ಮುಂದೆ ಹೋದರೆ ಸಾವನದುರ್ಗದ ಸೀಮೆಯಿದೆ. ಒಂದೊಂದರ ಒಡೆತನ ಒಂದೊಂದು ಸಂಸ್ಥೆಯದು, ಒಂದೊಂದರ ನಿಯಮ ಬೇರೆ. ಎಲ್ಲ ಕಡೆ ಸೈಕಲ್ಲು ಸಲ್ಲದು. ಸಲ್ಲುವ ಕಡೆಯಾದರೂ ಲಿಖಿತ ಅನುಮತಿ ಇರಲಿ. ಹಣವುಳ್ಳವರ ಮಕ್ಕಳು ರೆಸಾರ್ಟುಗಳ ಖಾಸಗಿ ದಾರಿಗಳಲ್ಲಿ ಓಡಿಸಿಯಾರು. ಕಾಮಾಕ್ಷಿಪಾಳ್ಯದ ಲೇತ್ ಮಾಲೀಕರ ಮಗನಿಗೆ ಸಾರ್ವಜನಿಕ ಜಾಗವೊಂದೇ ಗತಿ.

ನಮ್ಮ ಸಂಸ್ಥೆ ಇಲ್ಲಿ ಮೂರು ಬಗೆಯಲ್ಲಿ ನೆರವಾಗಬಹುದು. ಸೈಕಲ್ ವ್ಯಾಪಾರಿಗಳಾದ ಸದಸ್ಯರು ಗುಡ್ಡಗಾಡು ಸೈಕಲ್ ಮಾರುವಾಗಲೇ ಸವಾರಿಯ ನಿಯಮಗಳ ಒಂದು ಹಾಳೆಯನ್ನು ಕನ್ನಡದಲ್ಲಿ ಮುದ್ರಿಸಿ ಕೊಡಬಹುದು. ಫ್ಯಾಬ್ರಿಕೇಷನ್ ಘಟಕಗಳವರು ಉಪಕರಣ, ದಾರಿಸೂಚಕ ಫಲಕ, ಮಳೆಯ ದಿನ ದಾರಿ ಮುಚ್ಚುವ ಸಣ್ಣ ಗೇಟುಗಳನ್ನು ಮಾಡಿಕೊಡಬಹುದು. ಸಂಸ್ಥೆಯ ಕಚೇರಿ, ಒಂದು ಕಾಲುದಾರಿಯನ್ನು ಒಂದು ವರ್ಷದ ಮಟ್ಟಿಗೆ ಪ್ರಾಯೋಗಿಕವಾಗಿ ತೆರೆಯುವಂತೆ ಅರಣ್ಯ ಇಲಾಖೆಗೆ ಪತ್ರ ಬರೆದು, ಮಾತುಕತೆಗೆ ವೇದಿಕೆ ಕಲ್ಪಿಸಬಹುದು. ವರ್ಷದ ಕೊನೆಯಲ್ಲಿ ದಾರಿಯ ಸ್ಥಿತಿಯನ್ನು ಎರಡೂ ಕಡೆಯವರು ಒಟ್ಟಿಗೆ ಪರಿಶೀಲಿಸಲಿ. ಕೆಟ್ಟಿದ್ದರೆ ಮುಚ್ಚಲಿ. ಈ ಷರತ್ತನ್ನು ನಾವೇ ಮುಂದಿಡುವುದು ಉಚಿತ.

ನನ್ನ ಕಕ್ಷಿದಾರರ ಮಗ ಮತ್ತು ಅವನ ಗೆಳೆಯರು ಸೇರಿ ಒಂಬತ್ತು ಮಂದಿ ಸಂಘದ ನೋಂದಣಿಗೆ ಅರ್ಜಿ ಸಲ್ಲಿಸಿದ್ದಾರೆ. ಸವಾರಿಗೆ ಅನುಮತಿ ಇನ್ನೂ ಬಂದಿಲ್ಲ. ಆದರೆ ಬೇಸಿಗೆಯ ಆರಂಭದಲ್ಲಿ ಒಂದು ಭಾನುವಾರ, ಕಾವಲು ಸಿಬ್ಬಂದಿಯ ಸಮ್ಮುಖದಲ್ಲಿ, ಸೈಕಲ್ಲುಗಳನ್ನು ಗೇಟಿನ ಹೊರಗೇ ನಿಲ್ಲಿಸಿ, ಕೊರೆದುಹೋಗಿದ್ದ ಕಾಲುದಾರಿಯ ಒಂದು ತುಣುಕನ್ನು ಸರಿಪಡಿಸಲು ಅಧಿಕಾರಿ ಒಪ್ಪಿದರು. ಹುಡುಗನ ತಂದೆ ತಮ್ಮ ಟೂಲ್ ರೂಮಿನಲ್ಲಿ ಮಣ್ಣು ಎಳೆಯುವ ಆರು ಹಲ್ಲುಗುದ್ದಲಿಗಳನ್ನು ಮಾಡಿಸಿ ತಂದಿದ್ದರು. ಅದರ ಕ್ರೆಡಿಟ್ಟನ್ನು ಹಿಂದಿರುಗಿಸುವಂತೆ ನೋಡಿಕೊಂಡವನು ನಾನೇ. ನಾನೂ ಎರಡು ಗಂಟೆ ಬಾಂಡ್ಲಿ ಹೊತ್ತೆ. ಮರುದಿನ ಕಚೇರಿಯಲ್ಲಿ ಕುರ್ಚಿಯಿಂದ ಏಳುವುದು ಕಷ್ಟವಾಯಿತು.

ಏಪ್ರಿಲಿನ ಮೊದಲ ದೊಡ್ಡ ಮಳೆ ಬಂದ ಮರುದಿನ, ಹಿಂದೊಮ್ಮೆ ಹುಡುಗನ ಹೆಸರು ಬರೆದುಕೊಂಡು ವಾಪಸು ಕಳುಹಿಸಿದ್ದ ಗಾರ್ಡ್ ಅವನಿಗೆ ಫೋನು ಮಾಡಿದರಂತೆ. "ನೀವು ಮಾಡಿದ ಕಡೆ ನೀರು ನಿಂತಿಲ್ಲ ಕಣಪ್ಪ, ಪಕ್ಕಕ್ಕೆ ಇಳಿದುಹೋಗಿದೆ. ಮೇಲುಗಡೆ ದಾರಿ ಇನ್ನೂ ಕಿತ್ತುಹೋಗಿದೆ. ಮುಂದಿನ ಸಲ ಯಾವಾಗ ಬರ್ತೀರಾ?"

ಮುಂದಿನ ಸಲ ನಮ್ಮ ಸದಸ್ಯರಲ್ಲಿ ನಾಲ್ಕೈದು ಮಂದಿಯಾದರೂ ಜೊತೆಗಿರಬೇಕೆಂಬುದು ನನ್ನ ಕೋರಿಕೆ. ಆಸಕ್ತರು ಸಂಸ್ಥೆಯ ಕಚೇರಿಯಲ್ಲಿ ಹೆಸರು ಕೊಡಬಹುದು. ಸೈಕಲ್ ಇರಲೇಬೇಕೆಂದಿಲ್ಲ.